ಕೀ ಗೊಂಚಲಿನ ತೀರ್ಪು

ಬುಡೇನ್ ಮೇಸ್ತ್ರಿಯ ಗ್ಯಾರೇಜಿಗೆ ಸ್ಟಾರ್ಟ್ ಆಗದ ಕಾರೊಂದನ್ನು ಅದರ ಮಾಲೀಕರು ತಳ್ಳಿಕೊಂಡು ಬಂದರು. ಸ್ಟೇರಿಂಗಿನ ಪಕ್ಕ ನೇತಾಡುತ್ತಿದ್ದ ಕೀ ಗೊಂಚಲು ಯಾರೂ ಕೇಳುವ ಮೊದಲೇ ತೀರ್ಪು ಕೊಟ್ಟಿತು: “ತಪ್ಪೆಲ್ಲ ಬ್ಯಾಟರಿಯದು. ಮುದಿಯಾಗಿದೆ, ಗುಜರಿಗೆ ಹಾಕಿ.” ಕಾರಿನ ಕೀ ಜೊತೆಗೆ ಅದರಲ್ಲಿ ಮನೆಯದು, ಬೀರುವಿನದು, ಗೋದಾಮಿನದು, ಸಾಲದ್ದಕ್ಕೆ ಒಂದು ಹಿತ್ತಾಳೆ ಗಂಟೆ. ಇಷ್ಟು ಜನ ಒಟ್ಟಿಗೆ ಗಲಗಲ ಅಂದರೆ ನಂಬದವರು ಯಾರು? ಮೇಸ್ತ್ರಿ ಬ್ಯಾಟರಿ ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡರು.

ವೈರಿಗೆ ತಾಗಿಸಿ ಕರೆಂಟ್ ನೋಡುವ ಪುಟ್ಟ ಟೆಸ್ಟ್ ಲ್ಯಾಂಪಿಗೆ ಇದನ್ನು ಸಹಿಸಲಾಗಲಿಲ್ಲ. “ತುಸು ತಾಳಿ, ಮೇಸ್ತ್ರಿ. ಒಮ್ಮೆ ನಾನು ಮುಟ್ಟಿ ನೋಡುತ್ತೇನೆ.”

“ನಿನ್ನಂಥ ಮಿಣುಕು ದೀಪಕ್ಕೆ ಏನು ಗೊತ್ತು?” ಎಂದು ಗೊಂಚಲು ನಕ್ಕಿತು.

ಲ್ಯಾಂಪು ಬ್ಯಾಟರಿಯನ್ನು ಮುಟ್ಟಿ ಝಗ್ಗನೆ ಉರಿಯಿತು. ಕೀ ಸ್ವಿಚ್ಚಿಗೆ ಬರುವ ವೈರನ್ನು ಮುಟ್ಟಿದಾಗಲೂ ಉರಿಯಿತು. ಮೇಸ್ತ್ರಿ ಕೀ ತಿರುಗಿಸಿ, ಸ್ವಿಚ್ಚಿನಿಂದ ಹೊರಡುವ ವೈರಿಗೆ ತಾಗಿಸಿದರೆ ಉರಿಯಲೇ ಇಲ್ಲ.

“ಈಗ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿಯಿರಿ, ಮೇಸ್ತ್ರಿ,” ಎಂದಿತು ಲ್ಯಾಂಪು.

ಎತ್ತಿದರು, ಉರಿಯಿತು. ಬಿಟ್ಟರು, ಆರಿತು.

“ಇಷ್ಟು ಭಾರವಾಗಿ ವರ್ಷಗಟ್ಟಲೆ ಜೋತುಬಿದ್ದು ಸ್ವಿಚ್ಚನ್ನು ಒಳಗೊಳಗೇ ಸವೆಸಿದ್ದು ನೀನು,” ಎಂದು ಲ್ಯಾಂಪು ಗೊಂಚಲಿಗೆ ಹೇಳಿತು. “ಗುಜರಿಗೆ ಹೋಗಬೇಕಾದದ್ದು ಬ್ಯಾಟರಿಯೇ?”

ಮೇಸ್ತ್ರಿ ಹೊಸ ಸ್ವಿಚ್ಚು ಹಾಕಿ, ಕಾರಿನ ಕೀಯೊಂದನ್ನೇ ಬಿಡಿಸಿ ತಿರುಗಿಸಿದರು. ಒಂದೇ ಏಟಿಗೆ ಕಾರು ಗುಡುಗಿತು. ಉಳಿದ ಗೊಂಚಲು ಮಾಲೀಕರ ಜೇಬಿನಲ್ಲಿ ಬಾಯಿ ಮುಚ್ಚಿ ಕೂತಿತು. ಮುದಿ ಬ್ಯಾಟರಿ ಬೀದಿಯುದ್ದಕ್ಕೂ ಹಾರನ್ ಬಾರಿಸಿಕೊಂಡು ಹೊರಟಿತು.