ಕೆಂಪು ಕಲ್ಲಿನಲ್ಲಿ ಹರಿದದ್ದು

"ಅವ್ವಾ, ಈ ಕಲ್ಲು ಸತ್ತಿದೆ. ಹೊಳೆಗೆ ಎಸೆದುಬಿಡಲೇ?"

ಹೊಳೆದಂಡೆಯ ಆಶ್ರಮದಲ್ಲಿ ಕಲ್ಲು-ಲೋಹಗಳ ವಿದ್ಯೆ ಕಲಿಸುತ್ತಿದ್ದ ನೀಲಾಂಬವ್ವ ತಲೆಯೆತ್ತಿ ಶಿಷ್ಯ ಈರಭದ್ರನನ್ನು ನೋಡಿದರು. ಕಬ್ಬಿಣದ ಅದಿರಿನ ಆ ಕೆಂಪು ಕಲ್ಲನ್ನು ಕೊಟ್ಟವರು ಅವರೇ. ಇದರಲ್ಲಿ ಏನು ಹರಿಯುತ್ತದೆಂದು ಹೊತ್ತು ಮುಳುಗುವುದರೊಳಗೆ ಹೇಳಬೇಕು, ಇಲ್ಲವಾದರೆ ಗಂಟು ಕಟ್ಟಿಕೊಂಡು ಊರಿಗೆ ಹೊರಡಬೇಕು ಎಂದಿದ್ದರು.

"ಸತ್ತಿದೆ ಅಂತ ಅದೇ ಬಂದು ಹೇಳಿತಾ?"

"ತಂತಿ ಕಟ್ಟಿ ನೋಡಿದೆ, ವಿದ್ಯುತ್ ಹರಿಯಲಿಲ್ಲ. ಗುಂಡುಸೂಜಿ ಹಿಡಿದೆ, ಅಂಟಲಿಲ್ಲ. ಒಳಗೆ ಕಣಕಣವೂ ಪುಟ್ಟ ಸೂಜಿಗಲ್ಲು ಅಂದಿದ್ದಿರಿ. ಏನು ಬಂತು? ಒಂದು ಮೇಲೆ ನೋಡಿದರೆ ಪಕ್ಕದ್ದು ಕೆಳಗೆ ನೋಡುತ್ತದೆ. ಬರೀ ಜಗಳಗಂಟರು! ಒಂದರ ಬಲವನ್ನು ಇನ್ನೊಂದು ತಿಂದುಹಾಕಿದೆ."

"ಸರಿ. ಹೊರಡುವ ಮುಂಚೆ ತೊಟ್ಟಿ ತುಂಬಿಸು."

ಆಶ್ರಮದಲ್ಲಿ ದಿನಾ ಮೂವತ್ತು ಮಂದಿ ಸಾಲಾಗಿ ನಿಂತು, ಹೊಳೆಯಿಂದ ತೊಟ್ಟಿಗೆ ಕೊಡಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಒಬ್ಬರ ಮುಖ ಸಾಲಿನ ಎಡಕ್ಕೆ, ಪಕ್ಕದವರ ಮುಖ ಬಲಕ್ಕೆ. ಅದೇ ರೂಢಿ.

ಈರಭದ್ರನಿಗೆ ಮೊದಲೇ ಸಿಟ್ಟು. "ಇಲ್ಲೂ ಎದುರುಬದುರಾ? ಎಲ್ಲರೂ ತೊಟ್ಟಿಯ ಕಡೆ ತಿರುಗಿ!"

ತಿರುಗಿದರು. ಹಿಂದಿನಿಂದ ಬಂದ ಕೊಡ ಯಾರಿಗೂ ಕಾಣಲಿಲ್ಲ. ಮೂರನೆಯದು ಸಾಲಿನಲ್ಲಿದ್ದ ಹಿರಿಯ ತಿಪ್ಪಣ್ಣನ ಬೆನ್ನಿಗೆ ಬಡಿದು ಒಡೆಯಿತು.

"ಲೇ ತಮ್ಮಾ, ನನ್ನ ಬೆನ್ನಿಗೆ ಕಣ್ಣಿದೆಯೇನೋ?"

ನೀಲಾಂಬವ್ವ ಬಂದರು. "ಮೊದಲಿನ ಹಾಗೇ ನಿಲ್ಲಿ. ಕೊಡ ಬೇಡ. ಕೈ ಕೈ ಹಿಡಿದುಕೊಳ್ಳಿ. ಯಾರೂ ಹೆಜ್ಜೆ ಕಿತ್ತಿಡಬಾರದು. ಈರಭದ್ರಾ, ತೊಟ್ಟಿಯ ತುದಿಗೆ ನಿಲ್ಲು. ಕಣ್ಣು ಮುಚ್ಚು."

ಹೊಳೆಯ ತುದಿಯಲ್ಲಿ ಅವರು ಮೊದಲನೆಯವಳ ಮಣಿಕಟ್ಟನ್ನು ಮೆಲ್ಲಗೆ ತಿರುಚಿದರು. ಅವಳ ಕೈ ಪಕ್ಕದವನ ಕೈಯನ್ನು ತಿರುಚಿತು, ಅವನದು ಮುಂದಿನವಳದನ್ನು.

"ಬಂತು!" ಈರಭದ್ರ ಕಿರುಚಿದ. "ಅವ್ವಾ, ಬಂತು! ತಿರುವು ನನ್ನ ಕೈಗೆ ಬಂತು!"

"ಯಾರಾದರೂ ಜಾಗ ಬಿಟ್ಟರಾ?"

"ಇಲ್ಲ!"

"ಆಚೆ ದಡದಿಂದ ನೋಡಿದವನಿಗೆ ಏನು ಕಾಣುತ್ತಿತ್ತು?"

"ಏನೂ ಇಲ್ಲ! ಎಡಕ್ಕೊಬ್ಬ ಬಲಕ್ಕೊಬ್ಬ ಸುಮ್ಮನೆ ನಿಂತಿರುವ ಜನ..."

ಅವನು ಸಾಲನ್ನೇ ದಿಟ್ಟಿಸಿದ.

"ಕಲ್ಲು! ಅವ್ವಾ, ಕಲ್ಲಿನೊಳಗೂ ಹೀಗೇ! ಕಣ ಕದಲುವುದಿಲ್ಲ, ವಿದ್ಯುತ್ ಬೇಕಿಲ್ಲ, ತಿರುವು ಮಾತ್ರ ದಾಟಿಹೋಗುತ್ತದೆ! ಜಗಳವಲ್ಲ ಅದು, ಸಾಲು!"

ಕಲ್ಲಿನ ಕಡೆಗೆ ಓಡಿದ. ಅರ್ಧ ದಾರಿಯಲ್ಲಿ ನಿಂತು ತಿರುಗಿದ. ಹೊತ್ತು ಇನ್ನೂ ಮುಳುಗಿರಲಿಲ್ಲ.

"ಹಾಗಾದರೆ ಇಷ್ಟು ಹೊತ್ತು ನನಗೇಕೆ ಏನೂ ಸಿಗಲಿಲ್ಲ?"

ನೀಲಾಂಬವ್ವ ಒಡೆದ ಕೊಡದ ಚೂರುಗಳನ್ನು ಆಯುತ್ತಿದ್ದರು.

"ಕಲ್ಲಿನ ಆ ತುದಿಯಲ್ಲಿ ತಿರುವಿಗೆ ಕೈ ಚಾಚಿ ಯಾರು ನಿಂತಿದ್ದರಪ್ಪಾ?"