ಅಜ್ಜಾರ ಕಿವಿಗೆ ತಂತಿ

ಮಲಪ್ರಭೆ ಬಳಸಿ ಹರಿಯುವ ಒಂದು ತಿರುವಿನಲ್ಲಿ ಸಣ್ಣದೊಂದು ಮಠವಿತ್ತು. ಮಠವೆಂದರೆ ಕಲ್ಲು ಹಾಸಿದ ಪಡಸಾಲೆ, ಅದರ ಬೆನ್ನಿಗೆ ಅಡುಗೆಮನೆ, ಅಂಗಳದಲ್ಲೊಂದು ಬೇವಿನ ಮರ. ಇದ್ದ ಒಂದೇ ಸಿರಿಯೆಂದರೆ ಮಠದ ಗುರು ಅಡವಯ್ಯಜ್ಜಾರ ಕೊರಳು.

ಅವರು ಏಕತಾರಿ ಹಿಡಿದು ತತ್ವಪದ ಎತ್ತಿಕೊಂಡರೆ ಹೊಳೆಯಾಚೆ ಕಳೆ ತೆಗೆಯುವವರು ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ಶಿವ ಕೆಲವರಿಗೆ ಕೈಯಲ್ಲಿ ಕೊಡುತ್ತಾನೆ, ಕೆಲವರಿಗೆ ಕಾಲಲ್ಲಿ. ಅಜ್ಜಾರಿಗೆ ಗಂಟಲಲ್ಲಿ ಕೊಟ್ಟಿದ್ದ.

ಆ ಕೊರಳಿಗೆ ಸೋತು ಮಠ ಸೇರಿದವನು ಫಕೀರೇಶ. ಅದಕ್ಕೂ ಮೊದಲು ಅವನು ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ. ಕರೆಂಟಿನ ಮೇಲೆ ನುಡಿಯುವ, ನಾಲ್ಕು ದಪ್ಪ ತಂತಿಯ, ತಳದ ದನಿಯ ವಾದ್ಯ ಅದು. ಬರುವಾಗ ಅದನ್ನೂ ಅದರ ಸ್ಪೀಕರ್ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದ.

ಭಜನೆಯಲ್ಲಿ ದಮ್ಮಡಿ ಬಾರಿಸುವ ದ್ಯಾಮಣ್ಣ ಅದನ್ನು ಸುತ್ತಲೂ ನೋಡಿದ.

"ಏನಪಾ ಇದು, ಕರೆಂಟಿನ ಏಕತಾರಿ?"

"ಹಂಗ ಅನ್ರಿ ಕಾಕಾ. ತಂತಿ ಮಾತ್ರ ನಾಕು."

"ಅಜ್ಜಾರಿಗೆ ಒಂದ್ರಾಗ ಮುಗೀತದ. ನಿನಗ ನಾಕು ಬೇಕಾದ್ವು ನೋಡು."

ಎಲ್ಲರೂ ನಕ್ಕರು. ಫಕೀರೇಶನೂ ನಕ್ಕ. ಗಿಟಾರು ಚೀಲದೊಳಗೇ ಉಳಿದು ಗೋಡೆಯ ಗೂಟಕ್ಕೆ ನೇತಾಡಿತು. ಅಜ್ಜಾರು ಹಾಡುವಾಗ ಹಿಂದೆ ಕೂತು ಸೊಲ್ಲು ಹಿಡಿಯುವುದೇ ಅವನಿಗೆ ಸಾಕಾಗಿತ್ತು.

ಆದರೆ ಕಾಲ ಯಾರ ಮನೆಗೂ ಹೇಳಿ ಬರುವುದಿಲ್ಲ.

ಅಜ್ಜಾರ ಕಿವಿಯಿಂದ ಮೊದಲು ಗುಬ್ಬಿಯ ಚಿಲಿಪಿಲಿ ಹೋಯಿತು. ಆಮೇಲೆ ತಾಳದ ಕಿಣಿಕಿಣಿ. ಆಮೇಲೆ ಏಕತಾರಿಯ ತಂತಿ. ಎದುರು ಕೂತು ನಿಧಾನ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಪದ ಮಾತ್ರ ಒಂದು ಶ್ರುತಿಯಲ್ಲಿ ಹೊರಟು ಇನ್ನೊಂದರಲ್ಲಿ ಮುಗಿಯತೊಡಗಿತು. ಭಕ್ತರು ಅದೇ ಸರಿ ಎಂಬಂತೆ ಹಿಂದೆ ಹಾಡುತ್ತಿದ್ದರು.

ಒಂದು ಸೋಮವಾರ ಅಜ್ಜಾರು ನಡುವೆಯೇ ನಿಲ್ಲಿಸಿದರು. ಒಬ್ಬೊಬ್ಬರ ಮುಖ ನೋಡಿದರು. ಬಾಯಿ ಸುಳ್ಳು ಹೇಳಬಹುದು, ಮುಖಕ್ಕೆ ಅದು ಬರುವುದಿಲ್ಲ.

ಎದ್ದು ಹೋಗಿ ಏಕತಾರಿಯನ್ನು ಗೂಟಕ್ಕೆ ಹಾಕಿದರು.

"ಇನ್ನ ನೀವು ಹಾಡ್ರಿ. ನಾ ಕೂಡ್ತೀನಿ."

"ಯಾಕ್ರಿ ಅಜ್ಜಾರ?"

"ದಾರ ಕಾಣದಾವ ಮಾಲಿ ಕಟ್ಟಬಾರದು."

ಅಷ್ಟೇ. ಅವರ ದನಿಯಲ್ಲಿ ದುಃಖ ಇರಲಿಲ್ಲ. ಇದ್ದಿದ್ದರೆ ಫಕೀರೇಶನಿಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

ಬರುವ ಅಮಾವಾಸ್ಯೆ ಕಳೆದರೆ ಅಜ್ಜಾರ ಗುರುಗಳ ಪುಣ್ಯತಿಥಿ. ಆ ದಿನ ಬೆಳಗ್ಗೆ ಗುರುವಿನ ಪದವನ್ನು ಮೊದಲು ಎತ್ತುವವರು ಅಜ್ಜಾರೇ. ಈ ವರ್ಷ ಅವರು ಎತ್ತದಿದ್ದರೆ ಇನ್ನೆಂದೂ ಎತ್ತುವುದಿಲ್ಲ. ಇದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಂದು ಅವನು ಊಟದ ಗಂಗಾಳದ ಮುಂದೆ ಕೂತ. ಮಠದ ಅಡುಗೆಯ ತಾಯವ್ವ ರೊಟ್ಟಿ ನೀಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೀವೂ ಅಳಾಕತ್ತೀರೇನು ಯವ್ವಾ?"

"ಅಳೂದಲ್ಲೋ ತಮ್ಮಾ, ಹೊಗಿ. ಮಳಿಗಾಲದಾಗ ಹೊಗಿ ಹೋಗೂ ಬೆಳಕಿಂಡಿ ಮ್ಯಾಲೆ ಚಪ್ಪಡಿ ಎಳದ್ರು. ಮಳಿ ಹೋತು, ಚಪ್ಪಡಿ ಅಲ್ಲೇ ಕುಂತದ. ಮಾಳಗಿ ಏರಿ ಒಂದೀಟು ಸರಸಿ ಕೊಡು."

"ಆತ್ರಿ ಯವ್ವಾ, ಸರಸ್ತೀನಿ."

ಅಂದ, ಆದರೆ ಅವನ ಮನಸ್ಸು ಅಲ್ಲಿರಲಿಲ್ಲ. ಹಿಂದಿನ ವಾರ ಗುಡುಗಿದಾಗ ಅಜ್ಜಾರು ತಲೆ ಎತ್ತಿ ಮುಗಿಲು ನೋಡಿದ್ದರು. ಅಂದರೆ ಸಣ್ಣ ದನಿ ಹೋಗಿದೆ, ದಪ್ಪ ದನಿ ಇನ್ನೂ ಮುಟ್ಟುತ್ತದೆ. ಏಕತಾರಿ ಸೋತ ಜಾಗದಲ್ಲಿ ಬಾಸ್ ಗಿಟಾರು ನಿಲ್ಲಬಹುದಲ್ಲ?

ರೊಟ್ಟಿ ಅಲ್ಲೇ ಬಿಟ್ಟು ಚೀಲ ಬಿಚ್ಚಿದ. ಹೊಳೆಯ ಥಂಡಿಗೆ ತಂತಿಗಳೆಲ್ಲ ತುಕ್ಕು ಹಿಡಿದಿದ್ದವು.

ಮರುದಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದ. ವಾದ್ಯದ ಅಂಗಡಿಯವನು ಹಳೆಯ ಪರಿಚಯ. ಎರಡು ಬಗೆ ತಂತಿ ತೆಗೆದಿಟ್ಟ.

"ಇದರ ಮ್ಯಾಲೆ ಸುತ್ತಿದ ಎಳಿ ದುಂಡಗ ಅದ. ಕೈಗೆ ಗರಗರ, ದನಿ ಝಗಝಗ. ಈಗ ಎಲ್ಲಾರೂ ಒಯ್ಯೂದು ಇದನ್ನ. ಅದರ ಮ್ಯಾಲಿನ ಎಳಿ ಚಪ್ಪಟಿ. ನುಣುಪು, ದಪ್ಪ, ದನಿ ಮಂದ. ಹಳೇ ಮಂದಿ ಹಾಕ್ತಿದ್ರು."

ಫಕೀರೇಶ ಎರಡನ್ನೂ ಅಲ್ಲಿದ್ದ ಗಿಟಾರುಗಳ ಮೇಲೆ ನುಡಿಸಿ ನೋಡಿದ. ಮೊದಲನೆಯದು ದೇವರ ಮುಂದೆ ಬೆಳಗಿಟ್ಟ ಹಿತ್ತಾಳೆಯ ಸಮೆ ದೀಪದ ಹಾಗೆ ಹೊಳೆಯಿತು. ಎರಡನೆಯದು ಕಂಬಳಿ ಹೊದ್ದ ಹಾಗಿತ್ತು. ಗುರುವಿಗೆ ಕಂಬಳಿ ಒಯ್ಯುವುದೇ? ಹೊಳೆಯುವುದನ್ನೇ ತಂದ.

ಮುಂದಿನ ಸೋಮವಾರ ಪಡಸಾಲೆಯಲ್ಲಿ ಪೆಟ್ಟಿಗೆ ಇಟ್ಟು ನುಡಿಸಿದ. ಎಲ್ಲರೂ ಬೆರಗಾದರು. ದ್ಯಾಮಣ್ಣ ದಮ್ಮಡಿಯ ತಾಳ ತಪ್ಪಿಸಿಕೊಂಡು ಅವನ ಬೆರಳನ್ನೇ ನೋಡುತ್ತ ಕೂತ.

"ಭಾಳ ಚಲೋ ಆತಲ್ಲೋ! ಇಷ್ಟು ದಿನ ಗೂಟಕ್ಕ ಹಾಕಿಟ್ಟಿದ್ದಿಯಲ್ಲಾ!"

ಫಕೀರೇಶ ಅಜ್ಜಾರ ಮುಖ ನೋಡಿದ. ಮುಖ ಹೊಳೆಯ ನೀರಿನ ಹಾಗೆ ಸುಮ್ಮನಿತ್ತು.

ದನಿ ಏರಿಸಿದ. ಇನ್ನೂ ಏರಿಸಿದ. ಬೇವಿನ ಮರದ ಕಾಗೆಗಳೆಲ್ಲ ಒಮ್ಮೆಲೇ ಎದ್ದು ಹೊಳೆ ದಾಟಿದವು. ತಾಯವ್ವ ಅಡುಗೆಮನೆಯ ಬಾಗಿಲಿಗೆ ಬಂದು ಕಿವಿ ಮುಚ್ಚಿಕೊಂಡಳು.

ಅಜ್ಜಾರು ಕೈ ಎತ್ತಿದರು. ಅವನು ನಿಲ್ಲಿಸಿದ.

"ಕೇಳಿಸ್ತೇನ್ರಿ ಅಜ್ಜಾರ?"

"ದೂರದೂರಾಗ ಯಾರದೋ ಮದುವಿ ನಡದಂಗ ಆತು."

"ಶ್ರುತಿ ತಿಳೀತೇನ್ರಿ?"

"ಮದುವಿ ಅಂತ ತಿಳೀತು. ಯಾರದು ಅಂತ ತಿಳೀಲಿಲ್ಲ."

ಫಕೀರೇಶ ತಲೆ ತಗ್ಗಿಸಿದ. ಅಜ್ಜಾರು ಹತ್ತಿರ ಕರೆದು ತಂತಿಗಳ ಮೇಲೆ ಬೆರಳಾಡಿಸಿದರು.

"ಇವನ್ನ ಯಾರ ಸಲುವಾಗಿ ತಂದಿ?"

"ನಿಮ್ಮ ಸಲುವಾಗಿ ರೀ."

"ಯಾರ ಕಿವೀಲೆ ಆರಿಸಿದಿ?"

ಅಜ್ಜಾರು ಎದ್ದು ಹೊಳೆಯ ಕಡೆ ನಡೆದುಬಿಟ್ಟರು.

ಫಕೀರೇಶ ದೇವರ ದೀಪದ ಬತ್ತಿಗೆಂದು ಇಟ್ಟಿದ್ದ ಹತ್ತಿ ತೆಗೆದುಕೊಂಡು, ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡ.

ಅಂದಿನಿಂದ ಹಾಗೇ ತಿರುಗಿದ. ಹಾಗೇ ಉಂಡ, ಹಾಗೇ ಕಸ ಹೊಡೆದ, ಹಾಗೇ ಹೊಳೆಯಿಂದ ನೀರು ತಂದ. ಮಂದಿಯ ತುಟಿ ನೋಡಿ ಮಾತು ತಿಳಿಯಲು ಕಲಿತ. ತುಟಿ ನೋಡಬೇಕಾದರೆ ಮನುಷ್ಯನ ಮುಖಕ್ಕೆ ಮುಖ ಕೊಡಬೇಕು. ಇಷ್ಟು ದಿನ ತಾನು ಅರ್ಧ ಮಾತನ್ನು ಬೆನ್ನು ತಿರುವಿಯೇ ಕೇಳುತ್ತಿದ್ದೆನೆಂಬುದು ಅವನಿಗೆ ಆಗ ಗೊತ್ತಾಯಿತು.

"ಒಬ್ಬರಿದ್ದದ್ದು ಇಬ್ಬರಾದ್ರು" ಎಂದಳು ತಾಯವ್ವ, ಕೆಮ್ಮುತ್ತ. "ಹತ್ತಿ ಇಲ್ಲದಾಗೂ ನನ್ನ ಮಾತು ನಿನ್ನ ಕಿವಿಗೆ ಬೀಳ್ತಿದ್ದಿಲ್ಲ. ಈಗ ನೆವ ಒಂದು ಸಿಕ್ಕಂಗಾತು. ಚಪ್ಪಡೀನೋ, ಚಪ್ಪಡಿ!"

"ನಾಳೆ ರೀ ಯವ್ವಾ."

ಹತ್ತಿ ಇಟ್ಟುಕೊಂಡೇ ಗಿಟಾರು ಹಿಡಿದ. ಹೊಳೆಯುವ ತಂತಿಯನ್ನು ಮೀಟಿದ. ಬೆರಳ ತುದಿಗೆ ಕಚ್ಚಿತು, ಅಲ್ಲಿಗೇ ಸತ್ತುಹೋಯಿತು. ತಾನು ಮರುಳಾಗಿದ್ದ ಹೊಳಪೆಲ್ಲ ಕಿವಿಯ ಬಾಗಿಲಲ್ಲೇ ನಿಲ್ಲುವಂಥದ್ದು. ಬಾಗಿಲು ಮುಚ್ಚಿದ ಮನೆಯೊಳಗೆ ಅದು ಬರಲಾರದು.

ಮೈಗಾದರೂ ತಾಗುತ್ತದೆಯೇ ಎಂದು ಪಡಸಾಲೆಯ ಕಲ್ಲ ಮೇಲೆ ಬರಿಗಾಲಲ್ಲಿ ನಿಂತು ನುಡಿಸಿದ. ಕಲ್ಲು ಕಲ್ಲಾಗಿಯೇ ಇತ್ತು.

ದಣಿದು ಸುತ್ತ ನೋಡಿದ. ಯಾರೂ ಇರಲಿಲ್ಲ. ಎಂದೂ ಮಾಡದ ಕೆಲಸ ಮಾಡಿದ. ಅಜ್ಜಾರು ಕೂಡುವ ಸಾಗವಾನಿ ಹಲಗೆಗೆ ಕೈ ಮುಗಿದು, ಅದರ ತುದಿಯಲ್ಲಿ ಕೂತ. ಪೆಟ್ಟಿಗೆಯನ್ನು ಹಲಗೆಗೆ ತಾಗಿಸಿಟ್ಟ. ಎಲ್ಲಕ್ಕೂ ಕೆಳಗಿನ ದನಿಯ ದಪ್ಪ ತಂತಿಯನ್ನು ಮೆಲ್ಲಗೆ ಮೀಟಿದ.

ತೊಡೆಯ ಕೆಳಗೆ ಏನೋ ಉಸಿರಾಡಿತು. ಇರುವೆ ಹರಿದಷ್ಟು. ಆದರೆ ಇತ್ತು.

ಮರುದಿನ ಗಿಟಾರು ಹೆಗಲಿಗೇರಿಸಿ ಮತ್ತೆ ಹುಬ್ಬಳ್ಳಿಯ ಅಂಗಡಿಗೆ ಹೋದ. ಕಿವಿಯಲ್ಲಿ ಹತ್ತಿ ಹಾಗೇ ಇತ್ತು.

"ಕಿವಿ ಸೋರಾಕತ್ತಾವೇನೋ?" ಅಂದ ಅಂಗಡಿಯವನು.

ಫಕೀರೇಶ ತುಟಿ ನೋಡಿ ನಕ್ಕ. ಕಂಬಳಿ ಹೊದ್ದ ಆ ನುಣುಪು ತಂತಿಯನ್ನು, ಅದರಲ್ಲೂ ಎಲ್ಲಕ್ಕಿಂತ ದಪ್ಪನೆಯದನ್ನು ಕೇಳಿ ತೆಗೆಸಿದ. ಅಲ್ಲಿಯೇ ಕೂತು ಏರಿಸಿದ. ಗಿಟಾರಿನ ತಲೆಯನ್ನು ತನ್ನ ಗದ್ದದ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ಮೀಟಿದ.

ದನಿ ಗದ್ದಕ್ಕಿಳಿಯಿತು, ಹಲ್ಲಿಗೆ ಬಂತು, ಎದೆಗೂಡಿನಲ್ಲಿ ಬಹಳ ಹೊತ್ತು ನಿಂತಿತು. ಕಣ್ಣು ತೆರೆದಾಗ ಅಂಗಡಿಯವನು ಗಾಬರಿಯಿಂದ ಅವನ ಭುಜ ಹಿಡಿದಿದ್ದ.

"ಯಾಕೋ? ಅಳಾಕತ್ತಿ?"

"ಇದನ್ನ ಕಟ್ಟಿಕೊಡೂದು ಬ್ಯಾಡ್ರಿ. ಹಿಂಗ ಒಯ್ತೀನಿ."

ಹೊಸ ತಂತಿ ಜಗ್ಗಿ ಹದಕ್ಕೆ ಬರಲು ದಿನ ಬೇಕು. ಅಮಾವಾಸ್ಯೆ ಕಳೆಯುವವರೆಗೆ ದಿನವೂ ಬಿಗಿದ, ಸಡಿಲಾದರೆ ಮತ್ತೆ ಬಿಗಿದ. ಅಜ್ಜಾರು ಅತ್ತಿತ್ತ ಓಡಾಡುವಾಗ ನೋಡುತ್ತಿದ್ದರು.

ಪುಣ್ಯತಿಥಿಯ ದಿನ ಹೊತ್ತು ಮೂಡುವಷ್ಟರಲ್ಲಿ ಪಡಸಾಲೆ ತುಂಬಿತು. ಅಜ್ಜಾರು ಮಿಂದು, ವಿಭೂತಿ ಧರಿಸಿ, ಬಂದು ಹಲಗೆಯ ಮೇಲೆ ಕೂತರು. ಹಲಗೆಗೆ ತಾಗಿ ಪೆಟ್ಟಿಗೆ ಇತ್ತು, ಮೇಲೆ ಶಾಲು ಹೊದಿಸಿತ್ತು. ಫಕೀರೇಶ ಶ್ರುತಿ ಕೂಡಿಸಿಕೊಂಡು ಮತ್ತೆ ಕಿವಿಗೆ ಹತ್ತಿ ಇಟ್ಟುಕೊಂಡ. ಕಿವಿ ತೆರೆದಿದ್ದರೆ ತಾನು ತನಗಾಗಿಯೇ ನುಡಿಸಿಬಿಟ್ಟೇನು ಎಂಬ ಅಂಜಿಕೆ ಅವನಿಗೆ.

ಹಲಗೆಯ ತುದಿಯಲ್ಲಿ ಒಂದು ಅಂಗಾಲು ಊರಿ ಕೂತ.

ಅಜ್ಜಾರು ಸನ್ನೆ ಮಾಡಿದರು, ದ್ಯಾಮಣ್ಣ ಗುರುವಿನ ಪದ ಎತ್ತಿದ. ಫಕೀರೇಶ ದಪ್ಪ ತಂತಿಯನ್ನು ಮೆಲ್ಲಗೆ, ತೊಟ್ಟಿಲು ತೂಗುವಷ್ಟು ಮೆಲ್ಲಗೆ ಮೀಟಿದ.

ಅಜ್ಜಾರ ಕಾಲಿನ ಹೆಬ್ಬೆರಳು ಅಲುಗಿತು.

ಅವರು ಬಗ್ಗಿ ಹಲಗೆಯ ಮೇಲೆ ಅಂಗೈ ಇಟ್ಟರು. ಹೊಳೆಗೆ ಹೋದವರು ನೀರಿಗಿಳಿಯುವ ಮೊದಲು ಕೈಯಿಟ್ಟು ನೋಡುತ್ತಾರಲ್ಲ, ಹಾಗೆ. ಕೈ ಅಲ್ಲಿಯೇ ನಿಂತಿತು. ಆಮೇಲೆ ಇನ್ನೊಂದು ಕೈ ಎತ್ತಿ ದ್ಯಾಮಣ್ಣನನ್ನು ನಿಲ್ಲಿಸಿದರು.

ಅಜ್ಜಾರು ಕಣ್ಣು ಮುಚ್ಚಿ ಪದ ಎತ್ತಿಕೊಂಡರು.

ಮೊದಲ ಸೊಲ್ಲಿಗೇ ದ್ಯಾಮಣ್ಣನ ಕಣ್ಣಲ್ಲಿ ನೀರು ಬಂತು. ಎರಡನೆಯ ಸೊಲ್ಲಿಗೆ ಹಿಂದಿನ ಸಾಲಿನ ಹೆಂಗಸರು ಕೈ ಮುಗಿದರು. ಶ್ರುತಿ ಕೂದಲಷ್ಟೂ ಕದಲಲಿಲ್ಲ. ಹೊಳೆಯಾಚೆಯ ಹೊಲದಲ್ಲಿ ಬಹುದಿನದ ಮೇಲೆ ಯಾರೋ ಸೊಂಟ ನೆಟ್ಟಗೆ ಮಾಡಿ ನಿಂತರು.

ಯಾವ ಕೊರಳಿಗಾಗಿ ಫಕೀರೇಶ ಮಠ ಸೇರಿದ್ದನೋ ಆ ಕೊರಳು ಅಂದು ಅವನಿಗೆ ಕೇಳಿಸಲಿಲ್ಲ. ಮಂದಿಯ ಮುಖದ ಮೇಲೆ ಅದನ್ನು ನೋಡಿದ. ಅಂಗಾಲಿನ ಕೆಳಗೆ, ತನ್ನ ತಂತಿಯ ನಡುಕದ ಜೊತೆಗೆ, ತನ್ನದಲ್ಲದ ಇನ್ನೊಂದು ನಡುಕ ಹಲಗೆಯಲ್ಲಿ ಹರಿದು ಬಂದು ಕೂಡಿಕೊಂಡಿತು. ಅಷ್ಟೇ ಅವನ ಪಾಲು. ಅಷ್ಟಕ್ಕೇ ಅವನ ಮೈ ಜುಮ್ಮೆಂದಿತು.

ಮಂಗಳಾರತಿ ಆಯಿತು. ಮಂದಿ ಅಜ್ಜಾರ ಪಾದ ಮುಟ್ಟಿ ಪ್ರಸಾದಕ್ಕೆ ಎದ್ದರು. ದ್ಯಾಮಣ್ಣ ಕಣ್ಣೊರೆಸಿಕೊಳ್ಳುತ್ತ ಫಕೀರೇಶನ ಎದುರು ನಿಂತ.

"ಎಂಥಾ ದಿನ ಆತೋ ಇವತ್ತು! ಆದ್ರ ನಿನ್ನ ಏಕತಾರಿ ಒಂದೀಟೂ ಕೇಳಲಿಲ್ಲ. ಕರೆಂಟ್ ಇದ್ದಿದ್ದಿಲ್ಲೇನು?"

ಫಕೀರೇಶ ತುಟಿ ನೋಡಿ ತಿಳಿದುಕೊಂಡು ಜೋರಾಗಿ ನಕ್ಕುಬಿಟ್ಟ.

ಎಲ್ಲರೂ ಹೋದಮೇಲೆ ಗುರುವಿನ ಪಾದಕ್ಕೆ ಹಣೆ ಹಚ್ಚಿದ. ಅಜ್ಜಾರು ಅವನ ತಲೆ ಎತ್ತಿ, ತಾಯಿ ಮಗುವಿಗೆ ಮಾಡುವಂತೆ, ಎರಡೂ ಕಿವಿಯ ಹತ್ತಿಯನ್ನು ತಾವೇ ತೆಗೆದರು.

ತೆರೆದ ಕಿವಿಗೆ ಮೊದಲು ಬಿದ್ದದ್ದು ಅಡುಗೆಮನೆಯ ಕೆಮ್ಮು. ಒಂದರ ಮೇಲೊಂದು, ಬಿಡದ ಕೆಮ್ಮು. ಬಾಗಿಲಿನಿಂದ ಹೊಗೆ ಸುರುಳಿ ಸುರುಳಿಯಾಗಿ ಪಡಸಾಲೆಗೆ ಬರುತ್ತಿತ್ತು.

ಅಜ್ಜಾರಿಗೆ ಕೆಮ್ಮು ಕೇಳುವಂತಿರಲಿಲ್ಲ. ಅವರು ಆ ಹೊಗೆಯನ್ನೇ ನೋಡುತ್ತಿದ್ದರು.

"ನನ್ನ ಕಿವಿಯೊಳಗ ಇದ್ದು ಬಂದಿ, ಫಕೀರಾ. ಇನ್ನ ತಾಯವ್ವನ ಕಣ್ಣೊಳಗ ಹೋಗು."