ತಿದಿಯ ಸುಕ್ಕು

ನಂಬೋದಿಲ್ಲ ಅಂತೀರಾ? ಬೇಕಾದರೆ ಮೌನೇಶಾಚಾರಿಯ ಕುಲುಮೆಗೆ ಬಂದು ಕೇಳಿ. ಗೋಣಿಚೀಲ ಹೊಲಿಯುವ ದಬ್ಬಣ ನಾನು. ಹಳ್ಳಿಯಲ್ಲೇ ಬೆಳೆದವನಾದರೂ ನನ್ನಂಥ ಹೊಲಿಗೆ ಪೇಟೆಯವರಿಗೂ ಬರೋದಿಲ್ಲ.

ಒಂದು ಸಂಜೆ, ಬೆಂಕಿ ಊದುವ ಚರ್ಮದ ತಿದಿ ನನ್ನನ್ನು ಕರೆದಳು. "ಆಚಾರಿ ಕರೆಂಟಿನ ಬ್ಲೋವರ್ ತಂದಿಟ್ಟಿದ್ದಾನೆ. ನನಗೋ ಮೈಯೆಲ್ಲ ಸುಕ್ಕು. ನಾಳೆ ಎಸೆದುಬಿಟ್ಟರೆ?"

"ಹೆದರಬೇಡ ಅಜ್ಜಿ, ನಾನಿದ್ದೇನೆ."

"ಅಜ್ಜಿ ಅನ್ನಬೇಡವೋ!"

"ಸರಿ ಅಕ್ಕಾ," ಎಂದು ಅವಳ ಮಡಿಕೆಗಳನ್ನೆಲ್ಲ ಎಳೆದು ಬಿಗಿಯಾಗಿ ಹೊಲಿದೆ. ಒಂದು ಗೆರೆಯೂ ಉಳಿಯಲಿಲ್ಲ. ಬೆಳಗಾದರೆ ನನಗೆ ಬಹುಮಾನ ಖಂಡಿತ ಅಂದುಕೊಂಡೆ.

ಬೆಳಗ್ಗೆ ಆಚಾರಿ ಹಿಡಿ ಎಳೆದ. ತಿದಿ ಉಬ್ಬಲೇ ಇಲ್ಲ. ಕೆಂಡ ಕೂಗಿಕೊಂಡಿತು: "ಊದಕ್ಕಾ, ಆರಿಹೋಗ್ತಿದ್ದೇನೆ!"

"ಉಸಿರು ತಗೊಳ್ಳೋಕೇ ಆಗ್ತಿಲ್ಲಪ್ಪ!"

ಆಚಾರಿ ಬ್ಲೋವರಿನ ಕಡೆ ತಿರುಗಿದ. "ಬಿಚ್ಚೋ, ಬೇಗ ಬಿಚ್ಚೋ! ಸುಕ್ಕಿದ್ದರೆ ಇರಲಿ," ಎಂದು ತಿದಿ ನನ್ನನ್ನು ಬೇಡಿಕೊಂಡಳು. ಅಷ್ಟರಲ್ಲಿ ಆಚಾರಿಯ ಕಣ್ಣಿಗೆ ಹೊಲಿಗೆ ಬಿತ್ತು. ಬ್ಲೋವರ್ ಬಿಟ್ಟು ನನ್ನನ್ನು ಕೈಗೆತ್ತಿಕೊಂಡ.

ಕೊನೆಗೆ ನನಗೆ ಕೊಟ್ಟದ್ದು, ನಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುವ ಕೆಲಸ.